ಎಲ್ಲರಿಗೂ ಒಂದೇ ಮೇಲಾ, ಪಟ್ಟಿ ಒಡೆದು ಕಳಿಸೋದಾ?

ಮುಂಬೈನ ಯಾವುದೋ ಕನ್ನಡ ಸಂಘದ ಮೇಲ್ ಕೆಲಸ ನಿಮ್ಮ ತಲೆಗೆ ಬಿದ್ದಿದೆ ಅಂದುಕೊಳ್ಳಿ. ಮುಂದಿರುವುದು ಎರಡು ದಾರಿ.

ಒಂದೇ ಮೇಲ್ ಬರೆದು ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ) ಎಲ್ಲರಿಗೂ ಕಳಿಸುವುದು ಸುಲಭ. ವಾರ್ಷಿಕ ಸಭೆಯ ನೋಟಿಸಿಗೆ ಇದೇ ಸಾಕು. ಆದರೆ ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ಜನರ ಮಿತಿ ಇದೆ. ಜೊತೆಗೆ ಡೊಂಬಿವಲಿಯ ರಕ್ತದಾನ ಶಿಬಿರದ ಕರೆ ದೂರದ ಕೊಲಾಬಾದವರಿಗೂ ಹೋಗುತ್ತದೆ, ನಿವೃತ್ತರಾಗಿ ಉಡುಪಿಗೆ ಮರಳಿದವರಿಗೂ ಹೋಗುತ್ತದೆ. ನಾಲ್ಕು ಸಲ ಹೀಗಾದರೆ ಐದನೆಯದನ್ನು ಯಾರು ತೆರೆಯುತ್ತಾರೆ? ಸ್ಪ್ಯಾಮ್ ಅಂತ ಒತ್ತಿಬಿಡುತ್ತಾರೆ. ಅಂಥವರು ಜಾಸ್ತಿಯಾದರೆ ಉಳಿದವರಿಗೆ ಕಳಿಸಿದ್ದೂ ಸ್ಪ್ಯಾಮ್‌ಗೇ ಬೀಳಬಹುದು.

ಪಟ್ಟಿ ಒಡೆದರೆ ದಾನಿಗಳು ಬೇರೆ, ಸ್ವಯಂಸೇವಕರು ಬೇರೆ. ಲೋಕಲ್ ರೈಲಿನ ಸೆಂಟ್ರಲ್ ಲೈನ್ ಕಡೆಯವರು, ವೆಸ್ಟರ್ನ್ ಲೈನ್ ಕಡೆಯವರು, ನವಿ ಮುಂಬೈಯವರು ಬೇರೆ ಬೇರೆ. ಶುರುವಿನಲ್ಲಿ ಎಕ್ಸೆಲ್ ಜೊತೆ ಗುದ್ದಾಟ ತಪ್ಪಿದ್ದಲ್ಲ. ಹೆಸರಿನ ಕಾಲಂ ಒಂದು ಸಾಲು ಜಾರಿತೋ, ಶೆಟ್ಟರ ರಸೀದಿ ರಾಯರ ಕೈಗೆ! ಹಾಗಾಗಿ ಮೊದಲು ಸಮಿತಿಯ ಇಬ್ಬರಿಗೆ ಕಳಿಸಿ ನೋಡಿ.

ದುಡ್ಡಿನ ವಿಷಯವನ್ನಂತೂ ಎಲ್ಲರಿಗೂ ಹೋಗುವ ಮೇಲ್‌ನಲ್ಲಿ ಬರೆಯಲೇಬೇಡಿ. ‘ನಿಮ್ಮ ದೇಣಿಗೆಗೆ ತೆರಿಗೆ ರಿಯಾಯಿತಿ ಇದೆ’ ಎಂಬ ಸಾಲು ಎಲ್ಲರ ಮಟ್ಟಿಗೂ ನಿಜವಲ್ಲ. ದೇಣಿಗೆಗೆ ರಿಯಾಯಿತಿ ಕೊಡಿಸುವ ಆದಾಯ ತೆರಿಗೆ ಮಾನ್ಯತೆ ಸಂಘಕ್ಕೆ ಇದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ರಿಯಾಯಿತಿ ಸಿಗುವುದಿಲ್ಲ.

ನೂರರೊಳಗೆ ಸದಸ್ಯರಿದ್ದರೆ ಸುಮ್ನೆ ಒಂದೇ ಮೇಲ್ ಸಾಕು, ದಾನಿಗಳಿಗೆ ಮಾತ್ರ ಪ್ರತ್ಯೇಕ. ಅದಕ್ಕಿಂತ ಜಾಸ್ತಿ ಇದ್ದರೆ ನಾನು ಪಟ್ಟಿ ಒಡೆಯುವ ಪಕ್ಷ.