ವೃತ್ತ ಬರೆಯೋದಾ, ಸೂತ್ರ ಕಲಿಯೋದಾ?

ಕೋಲಾರದಲ್ಲಿ ಪರೀಕ್ಷೆಗೆ ಓದುತ್ತಿರುವ ಚಿಕ್ಕಮ್ಮನ ಮಗಳು ಕೇಳಿದಳು: 'ಅಣ್ಣಾ, ಹೇಳಿಕೆ-ತೀರ್ಮಾನದ ಪ್ರಶ್ನೆಗೆ ವೆನ್ ಚಿತ್ರ ಬರೀಲಾ, ಸೂತ್ರ ಬಾಯಿಪಾಠ ಮಾಡ್ಲಾ?' ಕೊಟ್ಟ ಹೇಳಿಕೆಗಳಿಂದ ತೀರ್ಮಾನ ಖಚಿತವಾಗಿ ಬರುತ್ತದೆಯೇ ಎಂದು ಕೇಳುವ ಪ್ರಶ್ನೆ ಅದು; ವೆನ್ ಚಿತ್ರ ಅಂದರೆ ಪ್ರತಿ ಗುಂಪಿಗೂ ಒಂದು ವೃತ್ತ.

ಶ್ರೀನಿವಾಸಪುರದ ಮಾವನ್ನೇ ಮುಂದಿಟ್ಟೆ. 'ಎಲ್ಲಾ ಮಾವು ಹಣ್ಣುಗಳು. ಕೆಲವು ಹಣ್ಣುಗಳು ಹುಳಿ.' ಹಾಗಾದರೆ ಕೆಲವು ಮಾವು ಹುಳಿಯೇ? ಹೌದು ಅಂದುಬಿಟ್ಟಳು. ನಾಲಿಗೆಗೆ ಗೊತ್ತಿರುವುದು ಬೇರೆ, ಹೇಳಿಕೆಯಲ್ಲಿ ಇರುವುದು ಬೇರೆ, ಅಲ್ವಾ?

ಹಣ್ಣಿನ ದೊಡ್ಡ ವೃತ್ತ, ಅದರೊಳಗೆ ಮಾವಿನ ಚಿಕ್ಕ ವೃತ್ತ. ಹುಳಿಯ ವೃತ್ತ ಮಾವನ್ನು ಮುಟ್ಟದೆಯೂ ಹಣ್ಣನ್ನು ಮುಟ್ಟಬಹುದು. ಇಂಥ ಒಂದು ಚಿತ್ರ ಸಿಕ್ಕರೂ ಸಾಕು, ತೀರ್ಮಾನ ಬಿದ್ದುಹೋಯಿತು. ಕಷ್ಟ ಏನೆಂದರೆ, ಮೊದಲ ಚಿತ್ರಕ್ಕೇ ಪೆನ್ಸಿಲ್ ಕೆಳಗಿಡುವವರೇ ಜಾಸ್ತಿ.

ಸೂತ್ರ ಬೇಗ ಮುಗಿಯುತ್ತದೆ. 'ಎಲ್ಲಾ' ಆದಮೇಲೆ 'ಕೆಲವು' ಬಂದರೆ ತೀರ್ಮಾನವಿಲ್ಲ. 'ಕೆಲವು' ಆದಮೇಲೆ 'ಎಲ್ಲಾ' ಬಂದರೆ ತೀರ್ಮಾನವೂ 'ಕೆಲವು'. ಆದರೆ ಎರಡಕ್ಕೂ ಸಾಮಾನ್ಯವಾದ ಪದ ಮೊದಲ ಹೇಳಿಕೆಯ ಕೊನೆಗೆ, ಎರಡನೆಯದರ ಮೊದಲಿಗೆ ಬರಬೇಕು. ಇಲ್ಲದಿದ್ದರೆ ಪದಗಳನ್ನು ಹಿಂದುಮುಂದು ಮಾಡಿ ಹೇಳಿಕೆ ತಿರುಗಿಸಬೇಕು. ಎಡವುವುದು ಅಲ್ಲೇ: 'ಎಲ್ಲಾ ಮಾವು ಹಣ್ಣು' ತಿರುಗಿಸಿದರೆ 'ಕೆಲವು ಹಣ್ಣು ಮಾವು', ಅಷ್ಟೇ; 'ಎಲ್ಲಾ ಹಣ್ಣು ಮಾವು' ಅಲ್ಲ.

ಎರಡೇ ಹೇಳಿಕೆ, ಸಮಯ ಕಮ್ಮಿ ಅಂದರೆ ಸೂತ್ರ. 'ಸಾಧ್ಯತೆ ಇದೆಯೇ' ಎಂದು ಕೇಳುವ ಬ್ಯಾಂಕ್ ಪರೀಕ್ಷೆಗಳಿಗೆ ಚಿತ್ರವೇ ಸಲೀಸು. ಸೂತ್ರ ಮರೆಯುವವರೂ ಸುಮ್ನೆ ವೃತ್ತ ಬರೆಯಿರಿ.