ಅನಿಮಲ್ ಕ್ರಾಸಿಂಗ್ ಆಟಕ್ಕೆ ‘ಜೊತೆ ಆಪ್’ ಹಾಕಿಕೊಳ್ಳುವವರೇ, ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ

‘ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್’ ಆಡುವವರು, ಅವರಿಗಿಂತಲೂ ಮುಖ್ಯವಾಗಿ ಮನೆಯ ಮಕ್ಕಳಿಗೆ ಈ ಆಟವನ್ನು ಕೊಡಿಸಿರುವವರು, ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಈ ಆಟಕ್ಕೆ ನೆರವಾಗುತ್ತೇನೆ ಎಂದು ಹೇಳಿಕೊಂಡು ಮೊಬೈಲಿಗೆ ಬರುವ ಹೊರಗಿನ ಆಪ್ ಒಂದು ಈ ಆಟದ ಕಂಪನಿಯಾದ ನಿಂಟೆಂಡೊದಲ್ಲಿರುವ ನಿಮ್ಮ ಖಾತೆಯ ಪಾಸ್‌ವರ್ಡ್ ಕೇಳಿದರೆ, ಕೊಡಬೇಡಿ. ಕಾರಣ ಏನೇ ಹೇಳಲಿ, ಪುಟ ಎಷ್ಟೇ ಚೆನ್ನಾಗಿ ಕಾಣಲಿ, ಕೊಡಬೇಡಿ. ನನ್ನ ಅಕ್ಕನ ಮನೆಯಲ್ಲಿ ಇದರಿಂದ ಹಣ ಹೋಯಿತು, ಖಾತೆ ಕೈತಪ್ಪಿತು. ಎಲ್ಲಕ್ಕಿಂತ ಹೆಚ್ಚಾಗಿ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಯಾರಿಗೂ ಹೇಳಲಾಗದೆ ಒಳಗೊಳಗೇ ಹೆದರಿಕೊಂಡು ಕುಳಿತಿದ್ದಳು.

ಆಟ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳುತ್ತೇನೆ. ಅದು ಬಿಡುಗಡೆಯಾದದ್ದು 2020ರ ಮಾರ್ಚ್ 20ರಂದು, ನಿಂಟೆಂಡೊದ ಸ್ವಿಚ್ ಎಂಬ ಆಟದ ಯಂತ್ರಕ್ಕಾಗಿ. ಕೊಲ್ಲುವುದಿಲ್ಲ, ಗೆಲ್ಲುವುದಿಲ್ಲ, ಒಂದು ದ್ವೀಪದಲ್ಲಿ ಮನೆ ಕಟ್ಟಿಕೊಂಡು, ಪ್ರಾಣಿ ನೆರೆಹೊರೆಯವರೊಂದಿಗೆ ಬದುಕುವುದು ಅಷ್ಟೇ. ಆದರೆ ಆಟದೊಳಗಿನ ಗಡಿಯಾರ ನಮ್ಮ ಗಡಿಯಾರವೇ. ಸ್ಟ್ರಿಂಗ್‌ಫಿಶ್ ಎಂಬ ಮೀನು ಉತ್ತರಾರ್ಧಗೋಳದ ದ್ವೀಪದಲ್ಲಿ ಸಿಗುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಅದೂ ಸಂಜೆ ನಾಲ್ಕರಿಂದ ಬೆಳಿಗ್ಗೆ ಒಂಬತ್ತರೊಳಗೆ. ಮಾರ್ಚ್ ಕಳೆದರೆ ಮತ್ತೆ ಡಿಸೆಂಬರ್‌ಗೇ ಕಾಯಬೇಕು. 80 ಮೀನು, 80 ಕೀಟ, 40 ಸಮುದ್ರಜೀವಿ. ಇಷ್ಟನ್ನೂ ಹಿಡಿದು ವಸ್ತುಸಂಗ್ರಹಾಲಯಕ್ಕೆ ಕೊಡಬೇಕೆಂಬುದು ಆಡುವ ಮಕ್ಕಳ ದೊಡ್ಡ ಆಸೆ. ಇದರ ಜೊತೆಗೆ ಟರ್ನಿಪ್ ವ್ಯಾಪಾರ. ಭಾನುವಾರ ಬೆಳಿಗ್ಗೆ 90ರಿಂದ 110 ಬೆಲ್ಸ್‌ಗೆ (ಆಟದೊಳಗಿನ ಹಣ) ಒಂದರಂತೆ ಗಡ್ಡೆ ಕೊಂಡು, ವಾರದೊಳಗೆ ಒಳ್ಳೆಯ ಬೆಲೆ ಬಂದಾಗ ಮಾರಬೇಕು. ಅಂಗಡಿಯ ಬೆಲೆ ದಿನಕ್ಕೆ ಎರಡು ಸಲ ಬದಲಾಗುತ್ತದೆ. ಅದೃಷ್ಟವಿದ್ದರೆ 600 ದಾಟುತ್ತದೆ. ಮುಂದಿನ ಭಾನುವಾರದೊಳಗೆ ಮಾರದಿದ್ದರೆ ಎಲ್ಲವೂ ಕೊಳೆಯುತ್ತದೆ.

ಇಷ್ಟೆಲ್ಲವನ್ನೂ ನೆನಪಿಟ್ಟುಕೊಳ್ಳಲು ಮೊಬೈಲಿನಲ್ಲೊಂದು ಲೆಕ್ಕದ ಪುಸ್ತಕ ಬೇಕೆನಿಸುವುದು ಸಹಜ. ಕಂಪನಿಯದೇ ಆದ ಜೊತೆ ಆಪ್ ಇದೆ. ಅದರೊಳಗಿನ ನೂಕ್‌ಲಿಂಕ್ ಎಂಬ ಸೇವೆಯಲ್ಲಿ ಮೊಬೈಲಿನ ಕೀಬೋರ್ಡ್‌ನಿಂದ ಆಟದೊಳಗೆ ಮಾತನ್ನು ಟೈಪ್ ಮಾಡಬಹುದು, ಹಳೆಯ ಆಟಗಳ ಬಟ್ಟೆ ವಿನ್ಯಾಸಗಳನ್ನು ಕ್ಯೂಆರ್ ಕೋಡ್ ಮೂಲಕ ತರಬಹುದು, ಸಂಗ್ರಹಿಸಿದ ವಸ್ತುಗಳ ಪಟ್ಟಿ ನೋಡಬಹುದು. ಆದರೆ ಯಾವ ತಿಂಗಳು ಯಾವ ಮೀನು ಬಾಕಿ ಇದೆ, ಟರ್ನಿಪ್ ಬೆಲೆ ಗುರುವಾರ ಏರುತ್ತದೆಯೋ ಶುಕ್ರವಾರವೋ ಎಂಬುದನ್ನು ಅದು ಹೇಳುವುದಿಲ್ಲ. ಈ ಕೊರತೆಯನ್ನು ತುಂಬಲು ಆಟವನ್ನು ಪ್ರೀತಿಸುವವರು ಮಾಡಿಟ್ಟ ಒಳ್ಳೆಯ ಆಪ್‌ಗಳೂ ಇವೆ. ಅವುಗಳ ಮೇಲೆ ನನಗೆ ಗೌರವವಿದೆ. ಅವುಗಳ ನಡುವೆ ನುಸುಳಿಕೊಂಡಿರುವವರ ಬಗ್ಗೆ ಈ ಬರಹ.

ಅಕ್ಕನ ಮಗಳು ಅಮ್ಮನ ಫೋನಿನಲ್ಲಿ ಆಟದ ಹೆಸರನ್ನು ಹುಡುಕಿದಾಗ ಪಟ್ಟಿಯ ಮೇಲ್ತುದಿಯಲ್ಲಿ ಬಂದದ್ದು ಒಂದು ಜಾಹೀರಾತು. ಎಲೆಯ ಗುರುತಿನ ಐಕಾನ್, ಆಟದ್ದೇ ಬಣ್ಣಗಳು, ಐದು ನಕ್ಷತ್ರಗಳ ಸಾಲು ಸಾಲು ಮೆಚ್ಚುಗೆ. ‘ಇದು ಅಧಿಕೃತವಲ್ಲ’ ಎಂಬ ಮಾತು ವಿವರಣೆಯ ಕಟ್ಟಕಡೆಯ ಸಾಲಿನಲ್ಲಿತ್ತು. ಆ ಮೆಚ್ಚುಗೆಗಳನ್ನು ನಾನು ಆಮೇಲೆ ಕುಳಿತು ಓದಿದೆ: ಎಲ್ಲವೂ ಒಂದೆರಡು ಪದ, ಒಂದೇ ವಾರದ ಆಸುಪಾಸಿನವು. ಒಂದೇ ನಕ್ಷತ್ರ ಕೊಟ್ಟವರು ಮಾತ್ರ ಉದ್ದುದ್ದ ಬರೆದಿದ್ದರು, ನಮ್ಮ ಮನೆಯಲ್ಲಿ ಆದದ್ದನ್ನೇ. ಆಪ್ ಅಂಗಡಿಯಲ್ಲಿ ಕಾಣುವ ‘ಡೇಟಾ ಸುರಕ್ಷತೆ’ ಭಾಗವನ್ನು ನಂಬಿಕೊಳ್ಳುವವರಿಗೆ ಒಂದು ಮಾತು: ಅಲ್ಲಿ ಬರೆಯುವುದು ಆಪ್ ಮಾಡಿದವರೇ.

ಮೊದಲ ಪರದೆಯಲ್ಲೇ ಮೂರು ದಿನ ಉಚಿತ ಎಂದು ದೊಡ್ಡಕ್ಷರದಲ್ಲಿ, ಆಮೇಲೆ ವಾರಕ್ಕಿಷ್ಟು ಎಂದು ಬೂದು ಬಣ್ಣದ ಚಿಕ್ಕಕ್ಷರದಲ್ಲಿ ಇತ್ತು. ತಿಂಗಳಿಗಲ್ಲ, ವಾರಕ್ಕೆ. ಮುಚ್ಚುವ ಗುರುತು ಕೆಲವು ಕ್ಷಣ ಕಾಣಿಸಿಕೊಳ್ಳುವುದೇ ಇಲ್ಲ. ಫೋನಿನಲ್ಲಿ ಅಕ್ಕನ ಯುಪಿಐ ಮೊದಲೇ ಜೋಡಣೆಯಾಗಿತ್ತು. ಹೀಗೆ ಚಂದಾ ಶುರುವಾಯಿತು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಹುಡುಗಿ ಹಿಡಿದ ಮೀನುಗಳಿಗೆ ಒಂದೊಂದಾಗಿ ಗುರುತು ಹಾಕುತ್ತಿರುವಾಗ, ‘ನಿಮ್ಮ ದ್ವೀಪವನ್ನು ಜೋಡಿಸಿ, ಎಲ್ಲವೂ ತಾನಾಗಿಯೇ ತುಂಬಿಕೊಳ್ಳುತ್ತದೆ’ ಎಂಬ ಕಿಟಕಿ ತೆರೆದುಕೊಂಡಿತು. ಒತ್ತಿದರೆ ಕೆಂಪು-ಬಿಳಿ ಲಾಗಿನ್ ಪುಟ. ಅದು ಬ್ರೌಸರಿನಲ್ಲಿ ತೆರೆಯಲಿಲ್ಲ, ಆಪ್‌ನ ಒಳಗೇ ತೆರೆಯಿತು. ಮೇಲೆ ವಿಳಾಸದ ಪಟ್ಟಿಯೇ ಇರಲಿಲ್ಲ. ಇಮೇಲ್, ಪಾಸ್‌ವರ್ಡ್ ತುಂಬಿದ ಮೇಲೆ ಚಕ್ರವೊಂದು ತಿರುಗಿ, ‘ಸರ್ವರ್‌ನಲ್ಲಿ ದಟ್ಟಣೆ ಇದೆ, ನಂತರ ಪ್ರಯತ್ನಿಸಿ’ ಎಂದಿತು. ಯಾವ ಮೀನೂ ತುಂಬಿಕೊಳ್ಳಲಿಲ್ಲ. ಮಗು ಅದನ್ನು ಮರೆತುಬಿಟ್ಟಿತು.

ಮುಂದಿನ ದಿನಗಳಲ್ಲಿ ಯಾರೋ ಬೇರೆ ದೇಶದಿಂದ ಆ ಖಾತೆಗೆ ಪ್ರವೇಶಿಸಿದರು. ಎಚ್ಚರಿಕೆಯ ಇಮೇಲ್ ಬಂದಿತ್ತು, ಆದರೆ ಖಾತೆ ತೆರೆಯುವಾಗ ಕೊಟ್ಟಿದ್ದದ್ದು ಭಾವನ ಹಳೆಯ ಇಮೇಲ್, ಯಾರೂ ತೆರೆದು ನೋಡದ್ದು. ಸ್ವಿಚ್‌ನ ಆನ್‌ಲೈನ್ ಅಂಗಡಿ ಭಾರತಕ್ಕೆಂದು ಪ್ರತ್ಯೇಕವಾಗಿ ಇಲ್ಲ. ಹಾಗಾಗಿ ನಮ್ಮಲ್ಲಿ ಅನೇಕರು ಅಮೆರಿಕದ ಖಾತೆ ಮಾಡಿಕೊಂಡು, ಗಿಫ್ಟ್ ಕಾರ್ಡ್ ಕೋಡ್ ಕೊಂಡು ಹಣ ತುಂಬಿಡುತ್ತಾರೆ. ಹುಟ್ಟುಹಬ್ಬಕ್ಕೆಂದು ತುಂಬಿಟ್ಟಿದ್ದ ಆ ಹಣವೆಲ್ಲ ಅವಳೆಂದೂ ಕೇಳಿರದ ಆಟಗಳಿಗೆ ಖರ್ಚಾಗಿತ್ತು. ಖಾತೆಯ ಪಾಸ್‌ವರ್ಡ್ ಬದಲಾಗಿತ್ತು. ‘ಮಾಮಾ, ನನ್ನ ದ್ವೀಪವೂ ಹೋಯಿತಾ?’ ಎಂದು ಅವಳು ನನ್ನನ್ನು ಕೇಳಿದ್ದು ಎಲ್ಲವೂ ಬಯಲಾದ ಮೇಲೆ. ಅಲ್ಲಿಯವರೆಗೆ ಅಮ್ಮ ಬೈಯುತ್ತಾಳೆಂದು ಬಾಯಿ ಬಿಟ್ಟಿರಲಿಲ್ಲ. ದ್ವೀಪ ಹೋಗಿರಲಿಲ್ಲ; ಅದು ಉಳಿಯುವುದು ಕೈಯಲ್ಲಿರುವ ಯಂತ್ರದ ಸ್ಮರಣೆಯಲ್ಲಿ.

ಇಲ್ಲಿಯೇ ನಾನು ಎಲ್ಲರಿಗೂ ಹೇಳಬೇಕಾದ ಮುಖ್ಯ ಸಂಗತಿ ಇರುವುದು. ನಿಮ್ಮ ದ್ವೀಪದ ಮಾಹಿತಿಯನ್ನು ಹೊರಗಿನ ಆಪ್‌ಗಳು ಓದಿಕೊಳ್ಳಲೆಂದು ನಿಂಟೆಂಡೊ ಯಾವ ಸಾರ್ವಜನಿಕ ದಾರಿಯನ್ನೂ ತೆರೆದಿಟ್ಟಿಲ್ಲ. ಪ್ರಾಮಾಣಿಕ ಜೊತೆ ಆಪ್ ಎಂದರೆ ಬರಿಯ ನೋಟುಪುಸ್ತಕ: ನೀವು ಹಿಡಿದದ್ದಕ್ಕೆ ನೀವೇ ಗುರುತು ಹಾಕಬೇಕು. ಟರ್ನಿಪ್ ಬೆಲೆಯ ಊಹೆಯೂ ಅಷ್ಟೇ. ಬೆಲೆ ಏರಿಳಿಯುವುದು ನಾಲ್ಕು ಮಾದರಿಗಳಲ್ಲಿ ಎಂಬುದನ್ನು 2020ರಲ್ಲೇ ಆಟದ ಕೋಡ್ ಬಿಡಿಸಿ ನೋಡಿದವರು ಕಂಡುಕೊಂಡು ಎಲ್ಲರಿಗೂ ತಿಳಿಸಿದ್ದಾರೆ. ಬೆಳಿಗ್ಗೆಯ ಬೆಲೆ, ಮಧ್ಯಾಹ್ನದ ಬೆಲೆ ತುಂಬಿದರೆ ಉಳಿದದ್ದು ಗಣಿತ. ಹಾಗೆ ಲೆಕ್ಕ ಹಾಕಿಕೊಡುವ ಉಚಿತ ಪುಟಗಳಿವೆ. ಅವು ಹೆಸರನ್ನೂ ಕೇಳುವುದಿಲ್ಲ. ಹೀಗಿರುವಾಗ ಆ ಕೆಲಸಕ್ಕೆ ಪಾಸ್‌ವರ್ಡ್ ಕೇಳುವವರಿಗೆ ಬೇಕಾಗಿರುವುದು ಟರ್ನಿಪ್ ಅಲ್ಲ.

ಕಂಪನಿಯ ಸ್ವಂತ ಆಪ್‌ಗೂ ಲಾಗಿನ್ ಬೇಕು ನಿಜ. ಆದರೆ ಆ ಪುಟ ತೆರೆದುಕೊಳ್ಳುವುದು ‘ಅಕೌಂಟ್ಸ್ ಡಾಟ್ ನಿಂಟೆಂಡೊ ಡಾಟ್ ಕಾಮ್’ ಎಂಬ ವಿಳಾಸದಲ್ಲಿ, ಆ ವಿಳಾಸ ಕಣ್ಣಿಗೆ ಕಾಣುವಂತೆ. ನೂಕ್‌ಲಿಂಕ್ ಕೆಲಸ ಮಾಡಬೇಕಾದರೆ ಮೊದಲು ಆಟದ ಆರಂಭದ ಪರದೆಯಲ್ಲಿ ಮೈನಸ್ ಗುಂಡಿ ಒತ್ತಿ, ಟಾಮ್ ನೂಕ್ ಎಂಬ ಪಾತ್ರದೊಂದಿಗೆ ಮಾತನಾಡಿ ಅದನ್ನು ಚಾಲನೆಗೊಳಿಸಬೇಕು. ಹಣ ಕೊಟ್ಟು ಪಡೆಯುವ ಆನ್‌ಲೈನ್ ಸದಸ್ಯತ್ವವೂ ಬೇಕು. ಆಟದೊಳಗೆ ಏನನ್ನೂ ಮಾಡದೆ ‘ದ್ವೀಪ ಜೋಡಿಸುತ್ತೇನೆ’ ಎನ್ನುವ ಆಪ್ ಸುಳ್ಳು ಹೇಳುತ್ತಿದೆ.

ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಡುವುದನ್ನು ದಯವಿಟ್ಟು ಮುಂದೂಡಬೇಡಿ. ಈ ಆಟ ಬಂದ ಮರುತಿಂಗಳೇ, 2020ರ ಏಪ್ರಿಲ್‌ನಲ್ಲಿ, ಸುಮಾರು 1,60,000 ಖಾತೆಗಳಿಗೆ ಅನ್ಯರು ನುಗ್ಗಿದ್ದಾರೆ ಎಂದು ನಿಂಟೆಂಡೊ ತಾನೇ ಪ್ರಕಟಿಸಿತ್ತು. ಜೂನ್‌ನಲ್ಲಿ ಆ ಸಂಖ್ಯೆ ಸುಮಾರು ಮೂರು ಲಕ್ಷಕ್ಕೆ ಏರಿತು. ಈಗ ಪಾಸ್‌ಕೀ ಸೌಲಭ್ಯವೂ ಇದೆ, ಅಂದರೆ ಪಾಸ್‌ವರ್ಡ್ ಬದಲಿಗೆ ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಒಳಹೋಗುವುದು. ಅದು ಇನ್ನೂ ಒಳ್ಳೆಯದು, ಏಕೆಂದರೆ ನಕಲಿ ವಿಳಾಸದ ಪುಟದಲ್ಲಿ ಪಾಸ್‌ಕೀ ಕೆಲಸವೇ ಮಾಡುವುದಿಲ್ಲ.

ಈಗಾಗಲೇ ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಆಪ್ ಅಳಿಸುವುದಕ್ಕಿಂತ ಮೊದಲು ಪಾಸ್‌ವರ್ಡ್ ಬದಲಿಸಿ, ಖಾತೆಯ ಸೆಟ್ಟಿಂಗ್‌ನಲ್ಲಿ ಲಾಗಿನ್ ಇತಿಹಾಸ ನೋಡಿ, ಎಲ್ಲ ಸಾಧನಗಳಿಂದಲೂ ಹೊರಬನ್ನಿ. ಅದೇ ಪಾಸ್‌ವರ್ಡ್ ಬೇರೆ ಕಡೆ ಬಳಸಿದ್ದರೆ ಅಲ್ಲಿಯೂ ಬದಲಿಸಿ. ನಮ್ಮ ಹುಡುಗಿಯ ಶಾಲೆಯ ಇಮೇಲ್‌ಗೂ ಅದೇ ಇತ್ತು. ಚಂದಾ ವಿಷಯದಲ್ಲಿ ಜನ ಹೆಚ್ಚು ಎಡವುವುದು ಒಂದೇ ಕಡೆ: ಆಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಪಾವತಿ ಮತ್ತು ಚಂದಾ ವಿಭಾಗಕ್ಕೆ ಹೋಗಿ ಅಲ್ಲಿ ರದ್ದು ಮಾಡಬೇಕು. ಯುಪಿಐ ಆಪ್‌ನ ಆಟೋಪೇ ವಿಭಾಗದಲ್ಲೂ ಆ ಅನುಮತಿ ಉಳಿದಿದೆಯೇ ನೋಡಿ ತೆಗೆದುಹಾಕಿ. 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಇಂಥ ಪಾವತಿ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಅಕ್ಕನಿಗೂ ಬಂದಿತ್ತು. ಆದರೆ ಅದರಲ್ಲಿ ಆಪ್ ಅಂಗಡಿಯ ಹೆಸರಿತ್ತೇ ಹೊರತು ಆಪ್‌ನ ಹೆಸರಿರಲಿಲ್ಲ. ತನ್ನದೇ ಹಾಡಿನ ಚಂದಾ ಇರಬೇಕೆಂದು ಅವಳು ಸುಮ್ಮನಾಗಿದ್ದಳು. ಹಣ ವಂಚನೆಯಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ತಡಮಾಡಬೇಡಿ. ನಮಗೆ ನಿಂಟೆಂಡೊದ ಸಹಾಯ ವಿಭಾಗದ ಮೂಲಕ ಖಾತೆ ಮರಳಿತು. ಖರ್ಚಾದ ಹಣ ಮರಳಲಿಲ್ಲ.

ಆ ಆಪ್‌ನಲ್ಲಿ ಇನ್ನೊಂದು ಮೂಲೆಯಿತ್ತು, ಅದರ ಬಗ್ಗೆ ತಂದೆತಾಯಿಯರಿಗೆ ಗೊತ್ತಿರಬೇಕು. ಟರ್ನಿಪ್‌ಗೆ ಒಳ್ಳೆಯ ಬೆಲೆ ಇರುವ ದ್ವೀಪಗಳ ಪಟ್ಟಿ ಎಂಬ ಹೆಸರಿನಲ್ಲಿ ಮಕ್ಕಳಿಂದ ಡೋಡೋ ಕೋಡ್ ಹಾಕಿಸಿಕೊಳ್ಳುತ್ತಿತ್ತು. ಐದು ಅಕ್ಷರದ ಆ ಕೋಡ್ ಇದ್ದವರು ಯಾರಾದರೂ ನಿಮ್ಮ ಮಗುವಿನ ದ್ವೀಪಕ್ಕೆ ಬಂದು, ಅದರೊಂದಿಗೆ ಮಾತನಾಡಬಹುದು. ‘ಆಪ್ತ ಸ್ನೇಹಿತ’ ಎಂದು ಒಪ್ಪಿಕೊಳ್ಳದ ಅತಿಥಿ ಅಲ್ಲಿ ಮರ ಕಡಿಯಲಾರ, ನೆಲ ಅಗೆಯಲಾರ. ಆದರೆ ನೆಲದ ಮೇಲಿಟ್ಟದ್ದನ್ನು ಎತ್ತಿಕೊಂಡು ಹೋಗಬಲ್ಲ, ‘ನಿನ್ನ ವಯಸ್ಸೆಷ್ಟು, ಯಾವ ಶಾಲೆ’ ಎಂದು ಕೇಳಬಲ್ಲ. ಇಂಥ ಸಂವಹನವನ್ನು ಮಿತಿಗೊಳಿಸಲು ಕಂಪನಿಯದೇ ಉಚಿತ ಪೋಷಕ ನಿಯಂತ್ರಣ ಆಪ್ ಇದೆ, 2017ರಲ್ಲಿ ಸ್ವಿಚ್ ಬಂದಾಗಿನಿಂದ. ಜೊತೆ ಆಪ್ ಯಾವುದಾದರೂ ಒಂದೇ ಹಾಕಿಕೊಳ್ಳುವುದಾದರೆ ಅದನ್ನು ಹಾಕಿಕೊಳ್ಳಿ.

ಮಗು ತಾನಾಗಿ ಬಂದು ಹೇಳಿದರೆ ಬೈಯಬೇಡಿ. ನಮ್ಮ ಮನೆಯಲ್ಲಿ ಹೆಚ್ಚು ನಷ್ಟವಾದದ್ದು ಅವಳು ಬಾಯಿ ಬಿಡದೆ ಕುಳಿತ ಆ ದಿನಗಳಲ್ಲೇ.

ನಾನು ದೂರು ಕೊಟ್ಟ ಮೇಲೆ ಆ ಆಪ್ ಅಂಗಡಿಯಿಂದ ಮರೆಯಾಯಿತು. ಈಚೆಗೆ ಅದೇ ಪರದೆಗಳಿರುವ ಇನ್ನೊಂದು ಕಾಣಿಸಿಕೊಂಡಿದೆ: ಐಕಾನ್ ಈಗ ಎಲೆಯಲ್ಲ, ಟರ್ನಿಪ್, ಹೆಸರು ಬೇರೆ, ಮಾಡಿದವರ ಹೆಸರೂ ಬೇರೆ. ಮೂರು ದಿನ ಉಚಿತ, ಆಮೇಲೆ ವಾರದ ಚಂದಾ, ಒಳಗೆ ‘ದ್ವೀಪ ಜೋಡಿಸಿ’ ಎಂಬ ಗುಂಡಿ, ಎಲ್ಲವೂ ಹಾಗೆಯೇ ಇದೆ. ಅದರ ಮೇಲೂ ದೂರು ಕೊಟ್ಟಿದ್ದೇನೆ. ನಿಮಗೂ ಕಣ್ಣಿಗೆ ಬಿದ್ದರೆ, ಅಂಗಡಿಯ ಪುಟದ ಮೇಲ್ಮೂಲೆಯ ಮೂರು ಚುಕ್ಕಿ ಒತ್ತಿ ದೂರು ದಾಖಲಿಸಿ.