ಎಸ್ಟೀಮಿಗೆ 23 ಸಾವಿರದ ಗಡಿಯಾರ

ಹಾಸನದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಬೋರ್‌ವೆಲ್ ಪಂಪು, ಕಾಫಿ ಪಲ್ಪರ್ ಮೋಟರು, ಮಿಕ್ಸಿ, ಸುಟ್ಟಿದ್ದೆಲ್ಲ ನನ್ನ ಬಾಗಿಲಿಗೆ ಬರುತ್ತೆ. ಕಾರು ನನ್ನ ಕಸುಬಲ್ಲ, ಚಟ. ಅಪ್ಪ ಬಿಟ್ಟುಹೋದ 2003ರ ಮಾರುತಿ ಎಸ್ಟೀಮ್ ಇದೆ: 1.3 ಲೀಟರ್ ಇಂಜಿನ್, ಕಂಪನಿ ಲೆಕ್ಕದಲ್ಲಿ 85 ಹಾರ್ಸ್‌ಪವರ್. ಅದಕ್ಕೆ ಬೇರೆ ಕ್ಯಾಮ್‌ಶಾಫ್ಟ್ ಹಾಕಿಸಿ, 4-2-1 ಹೆಡರ್ (ಇಂಜಿನ್ನಿನ ಹೊಗೆ ಹೊರತರುವ ಕೊಳವೆಗಳು) ಕೂರಿಸಿ, ಕೊನೆಗೆ ಸೋದರಳಿಯನ ಜೊತೆ ಕೂತು ಸ್ಪೀಡುಯಿನೋ ಅನ್ನೋ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಬೋರ್ಡನ್ನು ನಾವೇ ಬೆಸುಗೆ ಹಾಕಿ ಕಟ್ಟಿದೆವು. ಆರ್ಡುಯಿನೋ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್ ಮೇಲೆ ಓಡುವ ಇಸಿಯು ಅದು, ಯಾರು ಬೇಕಾದರೂ ಕಟ್ಟಿಕೊಳ್ಳಬಹುದು. ಪೆಟ್ರೋಲ್ ಎಷ್ಟು ಬಿಡಬೇಕು ಅನ್ನೋ ಕೋಷ್ಟಕವನ್ನೂ ನಾವೇ ತುಂಬಬೇಕು. ಕೆಲಸ ಕೆಟ್ಟದ್ದು ಅಲ್ಲಿ. ತುಂಬಿದ್ದು ಸರಿಯೋ ತಪ್ಪೋ ಅಂತ ಅಳೆದು ತೋರಿಸುವ ಗೇಜಿನ ಕತೆ ಇದು.

ನಮ್ಮ ಮೇಸ್ತ್ರಿ ಪ್ಲಗ್ ಬಿಚ್ಚಿ ನೋಡಿ ಹೇಳ್ತಾರೆ. ಬಿಸ್ಕತ್ ಬಣ್ಣ ಇದ್ದರೆ ಸರಿ, ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ. ಮೂವತ್ತು ವರ್ಷದ ಕಣ್ಣು, ತಪ್ಪು ಅನ್ನಲಾರೆ. ಆದರೆ ಪ್ಲಗ್ ಹೇಳೋದು ಒಟ್ಟಾರೆ ಕತೆ. ಮೂರನೇ ಗೇರಿನಲ್ಲಿ 4500 ಆರ್‌ಪಿಎಂನಲ್ಲಿ ಪೂರ್ತಿ ತುಳಿದಾಗ ಏನಾಯಿತು ಅಂತ ಅದು ಹೇಳಲ್ಲ.

ಮೊದಲು ನಾನು ತಂದದ್ದು ಆನ್‌ಲೈನಿನಲ್ಲಿ ಸಿಗುವ ಎರಡು ಸಾವಿರದ ಗೇಜು. ಕಾರಿನಲ್ಲಿ ಮೊದಲೇ ಇದ್ದ ಆಕ್ಸಿಜನ್ ಸೆನ್ಸರಿಗೆ ಒಂದು ವೈರ್ ಸಿಕ್ಕಿಸಿದರೆ ಆಯಿತು. ಕೆಂಪು, ಹಳದಿ, ಹಸಿರು ದೀಪಗಳು ಆ ಕಡೆಯಿಂದ ಈ ಕಡೆಗೆ ಓಡಾಡ್ತಾ ಇರುತ್ತವೆ. ನನ್ನ ಹೆಂಡತಿ ಅದನ್ನು ಸಿಟಿ ಬಸ್ಸಿನ ದೇವರ ಪಟದ ದೀಪಕ್ಕೆ ಹೋಲಿಸಿದಳು. ಸರಿಯಾಗೇ ಹೇಳಿದಳು. ಆ ನ್ಯಾರೋಬ್ಯಾಂಡ್ ಸೆನ್ಸರ್ ತೋರಿಸೋದು 14.7ರ ಆಸುಪಾಸು ಮಾತ್ರ, ಅಂದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ; ಅಂಕಿ ಏರಿದರೆ ಪೆಟ್ರೋಲ್ ಕಮ್ಮಿ, ಇಳಿದರೆ ಜಾಸ್ತಿ. ಪೆಟ್ರೋಲ್ ಜಾಸ್ತಿಯಾದರೆ ಅರ್ಧ ವೋಲ್ಟಿಗಿಂತ ಮೇಲೆ, ಕಮ್ಮಿಯಾದರೆ ಕೆಳಗೆ, ಅಷ್ಟೆ. ನಮ್ಮ ಕಸುಬಿನ ಭಾಷೆಯಲ್ಲಿ ಅದು ಟೆಸ್ಟರ್: ಲೈನಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಹೇಳುತ್ತೆ, 180 ವೋಲ್ಟೋ 230 ವೋಲ್ಟೋ ಹೇಳಲ್ಲ. ಅದನ್ನು ಹೇಳೋಕೆ ಮೀಟರ್ ಬೇಕು. ಆ ಮೀಟರೇ ವೈಡ್‌ಬ್ಯಾಂಡ್.

ಹಾಗಾಗಿ ಎಇಎಂ ಕಂಪನಿಯ ಎಕ್ಸ್-ಸೀರೀಸ್ ವೈಡ್‌ಬ್ಯಾಂಡ್ ಗೇಜು ತರಿಸಿದೆ. 52 ಮಿಲಿಮೀಟರ್ ಗುಂಡು ಮುಖ, ನಡುವೆ ಅಂಕಿ, ಸುತ್ತ ಬಣ್ಣದ ಎಲ್‌ಇಡಿ, ಜೊತೆಗೆ ಬಾಷ್ ಎಲ್‌ಎಸ್‌ಯು 4.9 ಸೆನ್ಸರ್. ನನ್ನ ಕೈಗೆ ಬರೋಷ್ಟರಲ್ಲಿ 23 ಸಾವಿರ. ಮೇಸ್ತ್ರಿ ಅದನ್ನು 'ಗಡಿಯಾರ' ಅಂತ ಕರೆದರು, ಈಗ ಎಲ್ಲರೂ ಹಾಗೇ ಕರೀತಾರೆ.

ಕೂರಿಸೋದು ಅರ್ಧ ದಿನದ ಕೆಲಸ. ಹೆಡರ್ ಕೊಳವೆಗಳು ಒಂದಾದ ಮೇಲೆ, ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮೊದಲು ತೂತು ಹೊಡೆದು ಸೆನ್ಸರಿಗೆ ನಟ್ ವೆಲ್ಡ್ ಮಾಡಿಸಬೇಕು. ಗೋಡೆ ಗಡಿಯಾರದ ಹತ್ತು ಗಂಟೆಯಿಂದ ಎರಡು ಗಂಟೆಯ ನಡುವಿನ ಓರೆಯಲ್ಲಿ, ಮೇಲಿನಿಂದ ಇಳಿಬಿದ್ದ ಹಾಗೆ. ಕೆಳಗಿನಿಂದ ಹಾಕಿದರೆ ತಣ್ಣನೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನ ನೀರು ಕಾದ ಸೆನ್ಸರಿಗೆ ತಗುಲಿ ಒಳಗಿನ ಸೆರಾಮಿಕ್ ಬಿರುಕು ಬಿಡುತ್ತೆ. ವೆಲ್ಡಿಂಗ್ ಹುಡುಗ 'ಕೆಳಗೆ ಹಾಕಿದ್ರೆ ಕಾಣ್ಸಲ್ಲ, ನೀಟಾಗಿರುತ್ತೆ ಅಣ್ಣ' ಅಂತ ಎರಡು ಸಲ ಹೇಳಿದ. ಎದುರಿಗೇ ನಿಂತು ಮಾಡಿಸಿದೆ.

ಈಗ ನನ್ನ ಮರ್ಯಾದೆ ಹೋದ ಕತೆ. ಈ ಗೇಜಿನ ನಿಜವಾದ ಬೆಲೆ ಮುಂದಿನ ಅಂಕಿಯಲ್ಲಿಲ್ಲ, ಹಿಂದಿನಿಂದ ಇಸಿಯುಗೆ ಹೋಗುವ 0-5 ವೋಲ್ಟ್ ಸಿಗ್ನಲ್ಲಿನಲ್ಲಿದೆ. ಆ ಸಿಗ್ನಲ್ ಲ್ಯಾಪ್‌ಟಾಪಿನಲ್ಲಿ ದಾಖಲಾದರೆ ಯಾವ ಆರ್‌ಪಿಎಂನಲ್ಲಿ, ಎಷ್ಟು ತುಳಿದಾಗ ಮಿಕ್ಸ್‌ಚರ್ ಎಷ್ಟಿತ್ತು ಅಂತ ಮನೆಯಲ್ಲಿ ಕೂತು ನೋಡಬಹುದು. ನಾವೂ ಹಾಗೇ ಮಾಡಿದೆವು. ಸಂಜೆ ಅಂಗಡಿ ಮುಚ್ಚಿದ ಮೇಲೆ ಸಕಲೇಶಪುರದ ಕಡೆ ಹೋಗೋದು, ಅಳಿಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿಯೋದು, ಬಂದು ಕೋಷ್ಟಕ ತಿದ್ದೋದು. ಒಂದು ವಾರ ತಿದ್ದಿದ್ದೇ ತಿದ್ದಿದ್ದು. ರಾತ್ರಿ ಚೆನ್ನಾಗಿ ಓಡಿದ ಕಾರು ಬೆಳಗ್ಗೆ ಮಸಿ ಉಗುಳುತ್ತೆ. ಹಗಲು ಸರಿ ಮಾಡಿದರೆ ರಾತ್ರಿಯ ದಾಖಲೆಯಲ್ಲಿ ಲೀನ್, ಅಂದರೆ ಪೆಟ್ರೋಲ್ ಕಮ್ಮಿ. ತಂಪು ಗಾಳಿಯ ಮಹಿಮೆ ಅಂತ ನಾನು ಅಳಿಯನಿಗೆ ಪಾಠ ಬೇರೆ ಮಾಡಿದೆ.

ಕಂಡುಹಿಡಿದವನು ಅವನೇ. 'ಮಾವ, ಗೇಜಿನಲ್ಲಿ 12.8 ಇದೆ, ಲ್ಯಾಪ್‌ಟಾಪಲ್ಲಿ 13.3 ತೋರಿಸ್ತಿದೆ' ಅಂದ. ಹೆಡ್‌ಲೈಟ್ ಆರಿಸಿದೆ, ಎರಡೂ ಒಂದಾದವು. ಹಚ್ಚಿದೆ, ಮತ್ತೆ ಬೇರೆಯಾದವು. ಗೇಜಿನ ಗ್ರೌಂಡನ್ನು ನಾನು ಡ್ಯಾಶ್‌ಬೋರ್ಡ್ ಹಿಂದೆ ಸಿಕ್ಕಿದ ಬೋಲ್ಟಿಗೆ ಕಟ್ಟಿದ್ದೆ, ಇಸಿಯು ಗ್ರೌಂಡ್ ಇಂಜಿನ್ ಮೇಲಿತ್ತು. ಲೈಟಿನ ಕರೆಂಟು ಅದೇ ಬೋಲ್ಟಿನಿಂದ ವಾಪಸ್ ಹೋಗುವಾಗ 0.2 ವೋಲ್ಟ್ ಏರುತ್ತಿತ್ತು. ಈ ಗೇಜಿನಲ್ಲಿ ಅಷ್ಟಕ್ಕೇ ಅರ್ಧ ಪಾಯಿಂಟ್ ವ್ಯತ್ಯಾಸ. ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಅರ್ಥಿಂಗ್ ಸರಿ ಮಾಡಿ ಅಂತ ಬೈಯೋನು ನಾನು! ಗೇಜಿನ ಗ್ರೌಂಡನ್ನೂ ಇಸಿಯು ಗ್ರೌಂಡ್ ಜಾಗಕ್ಕೇ ಎಳೆದ ಮೇಲೆ ಹಗಲು ರಾತ್ರಿ ಒಂದೇ ಲೆಕ್ಕ.

ಇನ್ನೊಂದು ಸಲ ಐಡಲಿನಲ್ಲಿ ಲೀನ್ ಅಂತ ತೋರಿಸಿದ್ದಕ್ಕೆ ಫ್ಯುಯಲ್ ಪಂಪ್ ಬದಲಿಸಿದೆ, ಇಂಜೆಕ್ಟರ್ ತೊಳೆಸಿದೆ. ಪಂಪೂ ಸರಿ ಇತ್ತು, ಇಂಜೆಕ್ಟರೂ ಸರಿ ಇತ್ತು. ಹೆಡರ್ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಎಳೀತಾ ಇತ್ತು. ಈ ಸೆನ್ಸರಿಗೆ ಗೊತ್ತಿರೋದು ಆಮ್ಲಜನಕ ಮಾತ್ರ, ಪೆಟ್ರೋಲ್ ಅದಕ್ಕೆ ಕಾಣಲ್ಲ. ಸಿಲಿಂಡರ್ ಮಿಸ್ ಹೊಡೆದರೂ ಅದು ಲೀನ್ ಅಂತಲೇ ಹೇಳುತ್ತೆ.

ಇಷ್ಟೆಲ್ಲ ಬೈದ ಮೇಲೂ ದುಡ್ಡು ದಂಡ ಆಗಲಿಲ್ಲ ಅನ್ನೋದಕ್ಕೆ ಕಾರಣ ಪೆಟ್ರೋಲ್ ಬಂಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 (ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್) ಬಿಡುಗಡೆ ಆದಾಗ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ನಮ್ಮ ಕೋಷ್ಟಕ ತುಂಬಿದ್ದು ಹತ್ತು ಪರ್ಸೆಂಟ್ ಎಥನಾಲಿನ ಪೆಟ್ರೋಲಿನಲ್ಲಿ. ಆಮೇಲೆ ಒಂದು ದಿನ ಗುಂಡ್ಯದಿಂದ ಮಾರನಹಳ್ಳಿ ಹತ್ತುವಾಗ ಪೂರ್ತಿ ತುಳಿದರೆ ಯಾವಾಗಲೂ 12.7 ಇರೋ ಜಾಗದಲ್ಲಿ 13.2. ಇನ್ನೊಂದು ತಿರುವು, ಮತ್ತೆ 13.2. ಕಿವಿಗೆ ಏನೂ ಗೊತ್ತಾಗಲಿಲ್ಲ, ಪ್ಲಗ್ ಬಿಚ್ಚಿದರೆ ಅದೇ ಬಿಸ್ಕತ್ ಬಣ್ಣ. ಲೆಕ್ಕ ಹಾಕಿದರೆ ಸರಿಯಾಗಿತ್ತು: ಇ10 ಪೂರ್ತಿ ಉರಿಯೋಕೆ ಒಂದು ಪಾಲಿಗೆ ಸುಮಾರು 14.1 ಪಾಲು ಗಾಳಿ ಬೇಕು, ಇ20ಗೆ 13.5 ಸಾಕು. ಅಂದರೆ ನೂರಕ್ಕೆ ನಾಲ್ಕು ಭಾಗ ಪೆಟ್ರೋಲ್ ಜಾಸ್ತಿ ಬಿಡಬೇಕು. ಬಿಟ್ಟೆವು, ಅಂಕಿ ಹಳೇ ಜಾಗಕ್ಕೆ ಬಂತು. ಸಮತಟ್ಟು ರಸ್ತೆಯಲ್ಲಿ ಇಸಿಯು ಸೆನ್ಸರ್ ನೋಡಿಕೊಂಡು ತಾನೇ ಸರಿಮಾಡಿಕೊಳ್ಳುತ್ತಿತ್ತು. ಪೂರ್ತಿ ತುಳಿದಾಗ ಅದು ಕೋಷ್ಟಕವನ್ನೇ ನಂಬುತ್ತೆ.

ಇಲ್ಲೊಂದು ಗೊಂದಲ ಇದೆ. ಗೇಜು ಅಳೆಯೋದು ಲ್ಯಾಂಬ್ಡಾ, ಅಂದರೆ ಪೂರ್ತಿ ಉರಿಯೋಕೆ ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇತ್ತು ಅನ್ನೋ ಲೆಕ್ಕ; ಅದನ್ನು ಶುದ್ಧ ಪೆಟ್ರೋಲಿನ 14.7ರಿಂದ ಗುಣಿಸಿ ತೋರಿಸುತ್ತೆ. ಇ20 ಹಾಕಿದರೂ 'ಸರಿ' ಅನ್ನೋಕೆ ಅದು 14.7 ಅಂತಲೇ ಬರೆಯುತ್ತೆ. ನಾನೀಗ ಲ್ಯಾಂಬ್ಡಾಗೆ ಬದಲಿಸಿಕೊಂಡಿದ್ದೇನೆ. ಒಂದು ಅಂದರೆ ಸಮ, ಪೂರ್ತಿ ತುಳಿದಾಗ 0.86. ಬಂಕಿನವರು ಏನು ಬೆರೆಸಿದರೂ ಈ ಲೆಕ್ಕ ಬದಲಾಗಲ್ಲ.

ಅಳಿಯನ ಗೆಳೆಯ ಪೋಲೋ 1.0 ಟಿಎಸ್‌ಐಗೆ ರೀಮ್ಯಾಪ್ ಮಾಡಿಸಿ (ಇಸಿಯು ಕೋಷ್ಟಕ ಬದಲಿಸಿ) ನನ್ನ ಗಡಿಯಾರ ನೋಡಿ ಆಸೆಪಟ್ಟ. ಬೇಡ ಅಂದೆ. ಆ ಕಾರಿನಲ್ಲಿ ಕಂಪನಿಯೇ ವೈಡ್‌ಬ್ಯಾಂಡ್ ಸೆನ್ಸರ್ ಕೊಟ್ಟಿದೆ. ಕಾರಿನ ಒಬಿಡಿ ಸಾಕೆಟ್ಟಿಗೆ (ಇಸಿಯು ಮಾಹಿತಿ ಓದುವ ಜಾಗ) ಡಾಂಗಲ್ ಸಿಕ್ಕಿಸಿ ಫೋನಿನಲ್ಲಿ ನೋಡಬಹುದು, ಆದರೆ ಆ್ಯಪ್ ತೋರಿಸ್ತಿರೋದು ಇಸಿಯು ಕೇಳಿದ ಅಂಕಿಯೋ ಅಳೆದ ಅಂಕಿಯೋ ಅಂತ ಖಚಿತ ಮಾಡಿಕೊಳ್ಳಬೇಕು. ಟರ್ಬೋ ಇಂಜಿನ್ನಿಗೆ ಅವನು ನೋಡಬೇಕಾದ್ದು ನಾಕಿಂಗು (ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗೇ ಸಿಡಿದು ಬಡಿಯೋದು), ಅದನ್ನು ಈ ಗೇಜು ತೋರಿಸಲ್ಲ. ಲೀನ್ ಆಯ್ತು ಅಂತ ಅಂಕಿ ನೋಡಿ ಕಾಲು ತೆಗೀತೀನಿ ಅಂದ. 6000 ಆರ್‌ಪಿಎಂ ಅಂದರೆ ಸೆಕೆಂಡಿಗೆ ನೂರು ಸುತ್ತು. ಅವನು ಕಣ್ಣು ಮಿಟುಕಿಸಿ ಕಾಲು ಎತ್ತೋಷ್ಟರಲ್ಲಿ ಐವತ್ತು ಸುತ್ತು ಮುಗಿದಿರುತ್ತೆ.

ತರಿಸೋರು ಸೆನ್ಸರಿಗೆ ಅಂತ ದುಡ್ಡು ಬೇರೆ ಎತ್ತಿಡಿ. ಅದು ಬ್ರೇಕ್ ಪ್ಯಾಡಿನ ಹಾಗೆ, ಸವೆಯೋ ವಸ್ತು. ನನ್ನ ಮೊದಲನೇದು ಸತ್ತದ್ದು ನನ್ನ ತಪ್ಪಿಗೆ: ಡ್ಯಾಶ್‌ಬೋರ್ಡ್ ಕೆಲಸಕ್ಕೆ ಗೇಜ್ ಬಿಚ್ಚಿ, ಸೆನ್ಸರನ್ನು ಸೈಲೆನ್ಸರಿನಲ್ಲೇ ಬಿಟ್ಟು ಎರಡು ವಾರ ಕಾರು ಓಡಿಸಿದೆ. ಸೆನ್ಸರಿನ ಒಳಗಿನ ಹೀಟರಿಗೆ ಕರೆಂಟ್ ಇಲ್ಲದೆ ಮಸಿ ಕಟ್ಟಿತು.

ಮೊನ್ನೆ ಮೇಸ್ತ್ರಿ ಅಂಗಡಿಗೆ ಬಂದು, ಟೀ ಕುಡಿದು, ಹೋಗುವಾಗ ಮೆಟ್ಟಿಲ ಮೇಲೆ ನಿಂತರು. 'ಒಂದು ಝೆನ್ ಬಂದಿದೆ, ಪ್ಲಗ್ಗಲ್ಲಿ ಗೊತ್ತಾಗ್ತಿಲ್ಲ. ಆ ಗಡಿಯಾರ ಎರಡು ದಿನ ಕೊಡ್ತೀಯೇನಪ್ಪ?' ಕೊಡೋಣ ಅಂತಲೇ ಇದ್ದೆ. ಆದರೆ ಸೆನ್ಸರ್ ಬಿಚ್ಚಿದರೆ ಆ ನಟ್ಟಿಗೆ ಬಿರಡೆ ಹಾಕಬೇಕು, ನನ್ನ ಹತ್ತಿರ ಬಿರಡೆ ಇಲ್ಲ. ಝೆನ್ನನ್ನೇ ಇಲ್ಲಿಗೆ ತನ್ನಿ, ನಟ್ ವೆಲ್ಡ್ ಮಾಡಿಸಿ ಇಡಿ, ಭಾನುವಾರ ನೋಡೋಣ ಅಂದೆ.